ಒಮ್ಮೆ, ಒಮ್ಮೆ ಮಾತ್ರ: ಯೀಸ್ಟ್ ಕೋಶ ಡಿಎನ್‌ಎ ನಕಲಿಗೆ ತೊಡಗುವುದನ್ನು ಕಾದು ನೋಡಿದ ಅನುಭವ

ಪಿಎಚ್‌ಡಿಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ನಡೆದ ಮೌಖಿಕ ಪರೀಕ್ಷೆಯಲ್ಲಿ ನನ್ನ ಗೈಡ್ ಮೇಡಂ ಕೇಳಿದ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಆ ತಪ್ಪನ್ನು ತಿದ್ದಿಕೊಳ್ಳಲು ನನಗೆ ಸುಮಾರು ಎಂಟು ತಿಂಗಳು ಹಿಡಿಯಿತು. ಪ್ರಶ್ನೆ ಇಷ್ಟೇ: ಬ್ರೆಡ್ ಉಬ್ಬಿಸುವ ಯೀಸ್ಟಿನ ಒಂದು ಕೋಶದಲ್ಲಿ 16 ವರ್ಣತಂತುಗಳಿವೆ, ಅವುಗಳಲ್ಲಿ ಒಟ್ಟು ಸುಮಾರು 1.2 ಕೋಟಿ ಅಕ್ಷರಜೋಡಿಗಳಷ್ಟು ಡಿಎನ್‌ಎ ಇದೆ, ಅದರ ನಕಲು ಒಂದೇ ಕಡೆಯಿಂದ ಶುರುವಾಗದೆ ಸುಮಾರು 400 ತಾಣಗಳಿಂದ ಶುರುವಾಗುತ್ತದೆ. ಎಲ್ಲ ತಾಣಗಳೂ ಒಂದೇ ಕ್ಷಣದಲ್ಲಿ ತೆರೆದುಕೊಳ್ಳುವುದೂ ಇಲ್ಲ, ಕೆಲವು ಬೇಗ, ಕೆಲವು ತಡವಾಗಿ. ಹೀಗಿರುವಾಗ ಆಗಲೇ ನಕಲಾದ ತಾಣ ಯಾವುದು, ಇನ್ನೂ ಆಗಬೇಕಾದದ್ದು ಯಾವುದು ಎಂಬುದು ಕೋಶಕ್ಕೆ ಹೇಗೆ ತಿಳಿಯುತ್ತದೆ? ಒಂದೇ ತಾಣ ಎರಡನೆಯ ಬಾರಿ ತೆರೆದುಕೊಳ್ಳದಂತೆ ಯಾರು ನೋಡಿಕೊಳ್ಳುತ್ತಾರೆ?

ನಾನು ಮೈಸೂರಿನವಳು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ, ತೊಳೆದರೆ ಹೋಗದ ಶಾಯಿ ತಯಾರಾಗುವುದು ನಮ್ಮೂರಿನಲ್ಲಿಯೇ ಆದ್ದರಿಂದಲೋ ಏನೋ, ನನಗೆ ತಟ್ಟನೆ ಹೊಳೆದದ್ದು ಆ ಶಾಯಿ. ಮತ ಹಾಕಿದವರ ಬೆರಳಿನ ಮೇಲೆ ಗುರುತು ಉಳಿಯುವಂತೆ ನಕಲಾದ ಡಿಎನ್‌ಎ ಮೇಲೆಯೂ ಏನೋ ರಾಸಾಯನಿಕ ಗುರುತು ಉಳಿಯುತ್ತದೆ, ಅದನ್ನು ಕಂಡ ಕೋಶ ಮತ್ತೆ ಅಲ್ಲಿಗೆ ಕೈ ಹಾಕುವುದಿಲ್ಲ ಎಂದೆ. ಎಂಎಸ್ಸಿಯಲ್ಲಿ ಓದಿದ ಇ. ಕೊಲೈ ಬ್ಯಾಕ್ಟೀರಿಯಾದ ಪಾಠ ನನ್ನ ತಲೆಯಲ್ಲಿತ್ತು. ಅದರ ವರ್ಣತಂತುವಿನಲ್ಲಿ ನಕಲಿಗೆ ಒಂದೇ ಆರಂಭತಾಣ. ನಕಲಾದ ಕೂಡಲೇ ಹಳೆಯ ಎಳೆಯ ಮೇಲೆ ಮೀಥೈಲ್ ಗುಂಪುಗಳಿರುತ್ತವೆ, ಹೊಸ ಎಳೆಯ ಮೇಲೆ ಇನ್ನೂ ಸೇರಿರುವುದಿಲ್ಲ. ಈ ಅರ್ಧ ಗುರುತನ್ನು ಕಂಡು ಸೀಕ್‌ಎ ಎಂಬ ಪ್ರೋಟೀನು ತಾಣವನ್ನು ಸ್ವಲ್ಪ ಹೊತ್ತು ಮುಚ್ಚಿ ಹಿಡಿಯುತ್ತದೆ. ಮೇಡಂ ಪೂರ್ತಿ ಕೇಳಿಸಿಕೊಂಡು, "ಅದು ಬ್ಯಾಕ್ಟೀರಿಯಾದ ಉತ್ತರ ಕಣಮ್ಮ. ಬ್ರೆಡ್ ಯೀಸ್ಟಿನಲ್ಲಿ ಡಿಎನ್‌ಎಗೆ ಮೀಥೈಲ್ ಹಚ್ಚುವ ಏರ್ಪಾಡೇ ಇಲ್ಲ. ಶಾಯಿಯೇ ಇಲ್ಲದ ಊರಿನಲ್ಲಿ ಎರಡನೆಯ ಮತವನ್ನು ಹೇಗೆ ತಡೆಯುತ್ತೀಯ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಓದಿಕೊಂಡು ಬಂದು ಹೇಳುತ್ತೇನೆ ಎಂದಾಗ, "ಓದು, ಆದರೆ ಕಣ್ಣಾರೆ ನೋಡಿಯೂ ಬಾ" ಎಂದರು.

ಹೀಗೆ ನನ್ನ ಮುಖ್ಯ ಕೆಲಸದ ಜೊತೆಗೆ, ವಾರಕ್ಕೆ ಎರಡು ದಿನ, ಹಳೆಯ ಪ್ರಯೋಗಗಳನ್ನು ನನ್ನ ಕೈಯಾರೆ ಮಾಡಿ ನೋಡುವ ಕೆಲಸ ಶುರುವಾಯಿತು. ಹೊಸದನ್ನು ಕಂಡುಹಿಡಿಯುವ ಉದ್ದೇಶ ಅದರಲ್ಲಿರಲಿಲ್ಲ. ಆದರೂ ನಾನು ಕಲಿತದ್ದರಲ್ಲಿ ಗಟ್ಟಿಯಾಗಿ ನಿಂತದ್ದು ಇದೇ ಕೆಲಸ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಮೊದಲು ಕೈಗೆತ್ತಿಕೊಂಡದ್ದು ಪ್ಲಾಸ್ಮಿಡ್, ಅಂದರೆ ವರ್ಣತಂತುವಿನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರ, ಕಳೆದುಹೋಗುವ ಪ್ರಯೋಗ, ಏಕೆಂದರೆ ಅದಕ್ಕೆ ಪ್ಲೇಟುಗಳೂ ತಾಳ್ಮೆಯೂ ಇದ್ದರೆ ಸಾಕು. 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟಿಂಚ್‌ಕಾಂಬ್, ಸ್ಟ್ರೂಲ್ ಮತ್ತು ಡೇವಿಸ್ ಎಂಬವರು ಯೀಸ್ಟಿನ ಒಂದು ಡಿಎನ್‌ಎ ತುಣುಕನ್ನು ಉಂಗುರದಂತಹ ಪ್ಲಾಸ್ಮಿಡ್‌ಗೆ ಸೇರಿಸಿದರೆ ಆ ಉಂಗುರ ವರ್ಣತಂತುವಿಗೆ ಅಂಟಿಕೊಳ್ಳದೆ ತಾನಾಗಿಯೇ ನಕಲಾಗುತ್ತದೆಂದು ತೋರಿಸಿದ್ದರು. ಎಆರ್‌ಎಸ್1 ಎಂದು ಹೆಸರು ಪಡೆದ ಆ ತುಣುಕು ಯೀಸ್ಟಿನ ನಕಲಿನ ಆರಂಭತಾಣಗಳಲ್ಲಿ ಒಂದು. ಇಂತಹ ತಾಣಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ರೂಪದ 11 ಅಕ್ಷರಗಳ ಒಂದು ಸಾಲು ಸಿಗುತ್ತದೆ, ಅದರಲ್ಲಿ ಎ ಮತ್ತು ಟಿ ಅಕ್ಷರಗಳೇ ಹೆಚ್ಚು. 1984ರಲ್ಲಿ ಕಾರ್ನೆಲ್‌ನ ಬಿಕ್ ಟೈ, ಗ್ರೆಗರಿ ಮೇಯ್ನ್ ಹಾಗೂ ಪ್ರತಿಮಾ ಸಿನ್ಹಾ ಇಂತಹ ಪ್ಲಾಸ್ಮಿಡ್ಡುಗಳನ್ನು ಉಳಿಸಿಕೊಳ್ಳಲಾಗದ ಯೀಸ್ಟ್ ತಳಿಗಳನ್ನು ಹುಡುಕಿ ತೆಗೆದರು. ಎಂಸಿಎಂ ಎಂಬ ಹೆಸರು ಬಂದದ್ದೇ ಅಲ್ಲಿಂದ: ಕಿರುವರ್ಣತಂತುವಿನ ಪಾಲನೆ ಎಂಬುದರ ಇಂಗ್ಲಿಷ್ ರೂಪದಿಂದ ಆಯ್ದ ಅಕ್ಷರಗಳು.

ನಾನು ಸಾಮಾನ್ಯ ತಳಿಯನ್ನೂ ಎಂಸಿಎಂ2 ಜೀನ್ ಕೆಟ್ಟ ತಳಿಯನ್ನೂ ಒಂದು ರಾತ್ರಿ ಪೌಷ್ಟಿಕ ದ್ರವದಲ್ಲಿ, ಅಂದರೆ ಪ್ಲಾಸ್ಮಿಡ್ ಇಲ್ಲದಿದ್ದರೂ ಬದುಕಬಹುದಾದ ಊಟ ಕೊಟ್ಟು, ಹತ್ತು ತಲೆಮಾರಿನಷ್ಟು ಬೆಳೆಯಲು ಬಿಟ್ಟೆ. ಬೆಳಿಗ್ಗೆ ಎರಡನ್ನೂ ತೆಳುಮಾಡಿ ಎರಡೆರಡು ಬಗೆಯ ಪ್ಲೇಟಿನ ಮೇಲೆ ಹರಡಿದೆ; ಒಂದರಲ್ಲಿ ಲ್ಯೂಸಿನ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಲ್ಯೂಸಿನ್ ತಯಾರಿಸುವ ಜೀನು ಪ್ಲಾಸ್ಮಿಡ್‌ನಲ್ಲಿದ್ದ ಕಾರಣ ಅದನ್ನು ಕಳೆದುಕೊಂಡ ಕೋಶ ಎರಡನೆಯ ಪ್ಲೇಟಿನಲ್ಲಿ ಬೆಳೆಯುವಂತಿಲ್ಲ. ಮೂರನೆಯ ದಿನ ನೋಡಿದರೆ ಸಾಮಾನ್ಯ ತಳಿಯ ಎರಡೂ ಪ್ಲೇಟುಗಳು ಬಿಳಿ ಚುಕ್ಕೆಗಳಿಂದ ತುಂಬಿದ್ದವು. ಕೆಟ್ಟ ತಳಿಯ ಲ್ಯೂಸಿನ್ ಇಲ್ಲದ ಪ್ಲೇಟಿನಲ್ಲಿ ಬೆರಳೆಣಿಕೆಯ ಚುಕ್ಕೆಗಳು ಮಾತ್ರ. ಒಂದು ಆರಂಭತಾಣ ತನ್ನ ಸರದಿಯನ್ನು ತಪ್ಪಿಸಿಕೊಂಡರೆ ಏನಾಗುತ್ತದೆಂಬುದು ನನಗೆ ಮೊದಲ ಬಾರಿಗೆ ಹೀಗೆ, ಎಣಿಸಬಹುದಾದ ಚುಕ್ಕೆಗಳ ರೂಪದಲ್ಲಿ ಕಂಡಿತು. ಆದರೆ ಇದು ತಾಣ ತೆರೆದುಕೊಳ್ಳದಿರುವ ಕತೆ. ನನ್ನ ಪ್ರಶ್ನೆ ಅದು ಎರಡು ಬಾರಿ ತೆರೆದುಕೊಳ್ಳದಿರುವುದರ ಬಗ್ಗೆ. ಅದನ್ನು ನೋಡಬೇಕಾದರೆ ಕೋಟ್ಯಂತರ ಕೋಶಗಳನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ, ಒಟ್ಟಿಗೆ ಬಿಟ್ಟು, ನಿಮಿಷ ಲೆಕ್ಕ ಹಾಕುತ್ತಾ ಹಿಂಬಾಲಿಸಬೇಕು.

ಯೀಸ್ಟಿನಲ್ಲಿ ಹೀಗೆ ನಿಲ್ಲಿಸುವುದಕ್ಕೆ ಅದರದೇ ಒಂದು ಸಂಕೇತವನ್ನು ಬಳಸುತ್ತಾರೆ. ಯೀಸ್ಟಿಗೆ ಎ ಮತ್ತು ಆಲ್ಫಾ ಎಂಬ ಎರಡು ಕೂಡುಜಾತಿಗಳಿವೆ. ಆಲ್ಫಾ ಕೋಶ 13 ಅಮೈನೋ ಆಮ್ಲಗಳ ಒಂದು ಕಿರುಸರಣಿಯನ್ನು ಹೊರಬಿಡುತ್ತದೆ. ಅದು ತಾಗಿದ ಎ ಕೋಶ ತನ್ನ ಕೋಶಚಕ್ರವನ್ನು ಜಿ1 ಹಂತದಲ್ಲಿ, ಅಂದರೆ ಡಿಎನ್‌ಎ ನಕಲಿಗೆ ಸ್ವಲ್ಪ ಮೊದಲು, ನಿಲ್ಲಿಸಿಕೊಂಡು ಕೂಡುವಿಕೆಗೆ ಸಿದ್ಧವಾಗುತ್ತದೆ. ನಾವು ಆ ಸರಣಿಯನ್ನು ಪುಡಿಯ ರೂಪದಲ್ಲಿ ತರಿಸಿ ಫ್ಲಾಸ್ಕಿಗೆ ಹಾಕುತ್ತೇವೆ. ಯೀಸ್ಟಿನ ಮರಿಕೋಶ ತಾಯಿಕೋಶದ ಮೇಲೆ ಮೊಗ್ಗಿನಂತೆ ಬೆಳೆಯುತ್ತದೆ. ಎರಡು ಗಂಟೆಯ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಮೊಗ್ಗುಗಳೆಲ್ಲ ಮಾಯವಾಗಿ, ದುಂಡಗಿದ್ದ ಕೋಶಗಳು ಒಂದು ತುದಿಯಲ್ಲಿ ಚೂಪಾಗಿ, ಬೆಳ್ಳುಳ್ಳಿಯ ಎಸಳಿನಂತೆ ಕಾಣಬೇಕು.

ನನ್ನ ಮೊದಲ ಪ್ರಯತ್ನದಲ್ಲಿ ಹಾಗೆ ಕಾಣಲಿಲ್ಲ. ಒಂದೂವರೆ ಗಂಟೆಗೆ ಚೆನ್ನಾಗಿಯೇ ನಿಂತಿದ್ದ ಕೋಶಗಳು ಎರಡೂವರೆ ಗಂಟೆಗೆ ಒಂದೊಂದಾಗಿ ಮೊಗ್ಗೊಡೆಯತೊಡಗಿದ್ದವು. ಪುಡಿ ಹಳತಾಗಿರಬೇಕೆಂದು ಹೊಸದನ್ನು ಕರಗಿಸಿ ಮತ್ತೆ ಮಾಡಿದೆ. ಮತ್ತೆ ಹಾಗೆಯೇ ಆಯಿತು. ಮೂರನೆಯ ವಾರ ಲ್ಯಾಬಿನ ಹಿರಿಯ ವಿದ್ಯಾರ್ಥಿನಿಯೊಬ್ಬರು ನನ್ನ ನೋಟ್‌ಬುಕ್ ನೋಡಿ, "ನಿನ್ನ ತಳಿಯಲ್ಲಿ ಬಾರ್1 ಇದೆಯೋ, ತೆಗೆದಿದ್ದಾರೋ?" ಎಂದು ಕೇಳಿದಾಗ ವಿಷಯ ತಿಳಿಯಿತು. ಎ ಕೋಶಗಳು ಬಾರ್1 ಎಂಬ ಕಿಣ್ವವನ್ನು ಸುತ್ತಲಿನ ದ್ರವಕ್ಕೆ ಬಿಡುತ್ತವೆ, ಅದು ಆಲ್ಫಾ ಸರಣಿಯನ್ನು ಕತ್ತರಿಸಿ ಹಾಕುತ್ತದೆ. ನಾನು ಕೊಟ್ಟ ಸಂಕೇತವನ್ನು ಕೋಶಗಳು ತಾವೇ ತಿಂದು ಮುಗಿಸಿ ಮುಂದೆ ಹೋಗುತ್ತಿದ್ದವು. ಬಾರ್1 ಜೀನ್ ಅಳಿಸಿದ ತಳಿಯನ್ನು ಮೈನಸ್ 80ರ ಫ್ರಿಜ್ಜಿನಿಂದ ತೆಗೆದು ಬೆಳೆಸಿದ ಮೇಲೆ ಹಿಂದಿಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೇ ನೂರರಲ್ಲಿ ತೊಂಬತ್ತೈದು ಕೋಶಗಳು ನಿಂತವು. ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಇದೇ ಪ್ರಯೋಗಕ್ಕೆ ಕೈ ಹಾಕುವ ಹೊಸಬರು ಪುಡಿಯನ್ನೋ ಶೇಕರನ್ನೋ ಅನುಮಾನಿಸುವ ಮೊದಲು ತಳಿಯ ಜೀನುಗಳ ಪಟ್ಟಿಯನ್ನು ಓದಲಿ ಎಂಬುದು ನನ್ನ ಆಸೆ.

ನಿಂತ ಕೋಶಗಳನ್ನು ಬಿಡುವುದು ಸುಲಭ: ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೆಳಗಿಳಿಸಿ, ಎರಡು ಬಾರಿ ತೊಳೆದು, ಸಂಕೇತವಿಲ್ಲದ ಹೊಸ ದ್ರವಕ್ಕೆ ಹಾಕಬೇಕು. ಅಲ್ಲಿಂದ ಪ್ರತಿ 10 ನಿಮಿಷಕ್ಕೊಮ್ಮೆ ಒಂದು ಮಿಲಿಲೀಟರ್ ತೆಗೆದು ಆಲ್ಕೊಹಾಲಿಗೆ ಹಾಕಿದರೆ ಆ ಕ್ಷಣದಲ್ಲಿ ಕೋಶ ಇದ್ದಂತೆಯೇ ಉಳಿಯುತ್ತದೆ. ಆಮೇಲೆ ಆರ್‌ಎನ್‌ಎಯನ್ನು ಒಂದು ಕಿಣ್ವದಿಂದಲೂ ಪ್ರೋಟೀನನ್ನು ಇನ್ನೊಂದರಿಂದಲೂ ಕರಗಿಸಿ, ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಬೆರೆಸಿ, ಅಂಟಿಕೊಂಡ ಕೋಶಗಳು ಬಿಡಿಯಾಗುವಂತೆ ಧ್ವನಿತರಂಗಗಳಿಂದ ಅಲುಗಿಸಿ, ಫ್ಲೋ ಸೈಟೋಮೀಟರಿನಲ್ಲಿ ಒಂದೊಂದೇ ಕೋಶ ಲೇಸರಿನ ಮುಂದೆ ಹಾಯುವಂತೆ ಮಾಡಬೇಕು. ನಕಲಿಗೆ ಮೊದಲಿನ ಕೋಶ 1ಸಿ ಎಂಬ ಜಾಗದಲ್ಲಿಯೂ ನಕಲು ಮುಗಿಸಿದ ಕೋಶ ಅದರ ಎರಡು ಪಟ್ಟು ಹೊಳೆದು 2ಸಿ ಜಾಗದಲ್ಲಿಯೂ ಬೀಳುತ್ತವೆ. 30 ಡಿಗ್ರಿಯಲ್ಲಿ ಬಿಟ್ಟ ಕೋಶಗಳಲ್ಲಿ ಮೊದಲ 20 ನಿಮಿಷ ಏನೂ ಕದಲಲಿಲ್ಲ. 30ನೆಯ ನಿಮಿಷದ ನಕ್ಷೆಯಲ್ಲಿ 1ಸಿ ಗುಡ್ಡದ ಬಲ ಇಳಿಜಾರು ಅಗಲವಾಗಿತ್ತು, 40ಕ್ಕೆ ಎರಡು ಗುಡ್ಡಗಳ ನಡುವೆ ಹರಡಿತ್ತು, 50ಕ್ಕೆ ಹೆಚ್ಚುಕಡಿಮೆ ಪೂರ್ತಿ 2ಸಿಗೆ ಬಂದು ನಿಂತಿತ್ತು. ಒಂದು ಕೋಟಿಗೂ ಮೀರಿದ ಅಕ್ಷರಗಳ ನಕಲು ಅರ್ಧ ಗಂಟೆಯೊಳಗೆ. ಒಂದರ ಮೇಲೊಂದು ಜೋಡಿಸಿದ ಆ ನಕ್ಷೆಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

2ಸಿಗೆ ಬಂದದ್ದು ಅಲ್ಲಿಯೇ ನಿಂತಿತು. ಕೋಶ ಎರಡಾಗುವವರೆಗೂ ಆ ಗುಡ್ಡ ಬಲಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮೇಡಂ ಕೇಳಿದ್ದು ಇದನ್ನೇ.

ಆ ದಿನಗಳಲ್ಲಿ ಸಂಜೆ ಓದುತ್ತಿದ್ದದ್ದರಲ್ಲಿ ನನ್ನನ್ನು ಹಿಡಿದಿಟ್ಟದ್ದು 1974ರಲ್ಲಿ ಲಿನ್ನಾ ಹಿಯರ್‌ಫರ್ಡ್ ಮತ್ತು ಲೀಲೆಂಡ್ ಹಾರ್ಟ್‌ವೆಲ್ ಪ್ರಕಟಿಸಿದ ಕೆಲಸ. ಹಾರ್ಟ್‌ವೆಲ್ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ತಂಪಿನಲ್ಲಿ ಸರಿಯಾಗಿ ಬೆಳೆದು ಬಿಸಿಯಲ್ಲಿ ಕೋಶಚಕ್ರದ ಒಂದು ನಿರ್ದಿಷ್ಟ ಘಟ್ಟದಲ್ಲಿ ನಿಂತುಬಿಡುವ ಯೀಸ್ಟ್ ತಳಿಗಳನ್ನು ಸಂಗ್ರಹಿಸಿದ್ದರು. 2001ರಲ್ಲಿ ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಅವರೊಂದಿಗೆ ನೊಬೆಲ್ ಪಡೆದದ್ದು ಈ ಕೆಲಸಕ್ಕೇ. ಸಿಡಿಸಿ ಎಂಬ ಹೆಸರಿನ ಆ ತಳಿಗಳಲ್ಲಿ 28, 4 ಮತ್ತು 7 ಎಂಬ ಸಂಖ್ಯೆಯವು ಡಿಎನ್‌ಎ ನಕಲಿಗೆ ಮೊದಲೇ ನಿಲ್ಲುತ್ತವೆ. ತಳಿಯಲ್ಲಿ ಕೆಟ್ಟಿರುವ ಜೀನಿಗೂ ಅದರ ಪ್ರೋಟೀನಿಗೂ ಅದೇ ಹೆಸರು. ಹಿಯರ್‌ಫರ್ಡ್ ಮತ್ತು ಹಾರ್ಟ್‌ವೆಲ್ ಒಂದು ತಡೆಯಿಂದ ಬಿಟ್ಟು ಇನ್ನೊಂದು ತಡೆಗೆ ಒಯ್ಯುತ್ತಾ, ಮೊದಲು 28, ನಂತರ 4, ಕೊನೆಗೆ 7 ಎಂದು ಅವುಗಳ ಸರದಿಯನ್ನು ಗೊತ್ತುಮಾಡಿದರು. ಇದಕ್ಕಿಂತಲೂ ಮುಖ್ಯವಾದ ಮಾತೆಂದರೆ, 7ರ ತಡೆಯವರೆಗೆ ಬಂದ ಕೋಶಕ್ಕೆ ನಕಲು ಶುರು ಮಾಡಲು ಹೊಸದಾಗಿ ಒಂದೇ ಒಂದು ಪ್ರೋಟೀನನ್ನೂ ತಯಾರಿಸಿಕೊಳ್ಳಬೇಕಾಗಿಲ್ಲ ಎಂದು ತೋರಿಸಿದರು. ಬೇಕಾದುದೆಲ್ಲ ಆಗಲೇ ಸೇರಿ ಆಗಿರುತ್ತದೆ. ಪ್ರೋಟೀನುಗಳ ಹೆಸರುಗಳೇ ಗೊತ್ತಿಲ್ಲದ ಕಾಲದಲ್ಲಿ ಬರೀ ಬಿಸಿನೀರು, ತಣ್ಣೀರು ಮತ್ತು ಒಂದು ವಿಷದ ನೆರವಿನಿಂದ ಇಷ್ಟು ದೂರ ತಲುಪಿದ್ದರಲ್ಲ ಎಂಬ ಗೌರವ ನನಗೆ ಅವರ ಮೇಲೆ ಅಂದೂ ಇತ್ತು, ಇಂದೂ ಇದೆ. ಈ ಪ್ರಯೋಗವನ್ನೇ ಮಾಡಿ ನೋಡಬೇಕೆಂದು ನಿರ್ಧರಿಸಿದೆ.

ಸಿಡಿಸಿ7 ತಳಿಯನ್ನು 23 ಡಿಗ್ರಿಯಲ್ಲಿ ಬೆಳೆಸಿ, ಆಲ್ಫಾ ಸರಣಿಯಿಂದ ನಿಲ್ಲಿಸಿ, ಮೊದಲೇ 37 ಡಿಗ್ರಿಗೆ ಬಿಸಿ ಮಾಡಿಟ್ಟ ದ್ರವಕ್ಕೆ ಬಿಟ್ಟೆ. ಎರಡು ಗಂಟೆಯ ಹೊತ್ತಿಗೆ ಪ್ರತಿ ಕೋಶದ ಮೇಲೂ ದೊಡ್ಡ ಮೊಗ್ಗು ಬೆಳೆದು ಅದು ಡಂಬೆಲ್‌ನಂತೆ ಕಾಣುತ್ತಿತ್ತು. ಡಿಎನ್‌ಎಗೆ ಬಣ್ಣ ಹಾಕಿದರೆ ಒಳಗೆ ಒಂದೇ ಕೋಶಕೇಂದ್ರ. ಹೊರಗಿನ ಕೆಲಸ ಮುಂದುವರಿದಿದೆ, ಒಳಗಿನ ನಕಲು ಮಾತ್ರ ಕಾಯುತ್ತಿದೆ. ಮೊದಲ ಸಲ ಇದನ್ನು ಮಾಡಿದಾಗ ಸೈಟೋಮೀಟರಿನ ನಕ್ಷೆಯಲ್ಲಿ 1ಸಿ ಗುಡ್ಡ ಮೆಲ್ಲಗೆ ಬಲಕ್ಕೆ ಜರುಗಿದ್ದನ್ನು ಕಂಡು ತಡೆ ಸೋರುತ್ತಿದೆ ಎಂದುಕೊಂಡು ಎರಡು ವಾರ ಹಾಳು ಮಾಡಿಕೊಂಡೆ. ಅದು ಸೋರಿಕೆಯಾಗಿರಲಿಲ್ಲ. ನಿಂತ ಕೋಶ ಗಾತ್ರದಲ್ಲಿ ಬೆಳೆಯುತ್ತಲೇ ಇರುತ್ತದೆ, ಅದರ ಮೈಟೊಕಾಂಡ್ರಿಯದ ಡಿಎನ್‌ಎ ಕೂಡ ಹೆಚ್ಚುತ್ತದೆ. ಆದ್ದರಿಂದ ಇಡೀ ಗುಡ್ಡ, ಆಕಾರ ಕೆಡದೆ, ಸ್ವಲ್ಪ ಸರಿಯುತ್ತದೆ. ನಕಲು ನಿಜವಾಗಿಯೂ ಶುರುವಾದರೆ ಗುಡ್ಡ ಸರಿಯುವುದಷ್ಟೇ ಅಲ್ಲ, ಚಪ್ಪಟೆಯಾಗಿ ಹರಡುತ್ತದೆ. ಈ ಎರಡರ ವ್ಯತ್ಯಾಸ ಕಣ್ಣಿಗೆ ಪಳಗಬೇಕು.

ಅಂದಿನ ರಾತ್ರಿ ನಿಂತ ಕೋಶಗಳನ್ನು ಎರಡು ಫ್ಲಾಸ್ಕುಗಳಿಗೆ ಹಂಚಿ, ಒಂದಕ್ಕೆ ಸೈಕ್ಲೊಹೆಕ್ಸಿಮೈಡ್ ಹಾಕಿದೆ. ಅದು ಕೋಶದಲ್ಲಿ ಪ್ರೋಟೀನು ತಯಾರಾಗುವುದನ್ನು ನಿಲ್ಲಿಸುವ ವಿಷ. ಹತ್ತು ನಿಮಿಷ ಬಿಟ್ಟು ಎರಡೂ ಫ್ಲಾಸ್ಕುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಆಡಿಸುತ್ತಾ 23 ಡಿಗ್ರಿಗೆ ಇಳಿಸಿದೆ. ಮೂರನೆಯ ಫ್ಲಾಸ್ಕಿನಲ್ಲಿ ಹೋಲಿಕೆಗಾಗಿ ಆಲ್ಫಾ ಸರಣಿಯಿಂದ ನಿಂತಿದ್ದ ಕೋಶಗಳನ್ನು, ಅದೇ ವಿಷ ಹಾಕಿ, ಬಿಟ್ಟಿದ್ದೆ. ಸೈಟೋಮೀಟರಿನ ಸರದಿ ನನಗೆ ಸಿಕ್ಕಿದ್ದು ಮರುದಿನ ರಾತ್ರಿ. ವಿಷವಿಲ್ಲದ ಸಿಡಿಸಿ7 ಕೋಶಗಳು 2ಸಿಗೆ ಹೋಗಿದ್ದವು, ಅದು ನಿರೀಕ್ಷಿಸಿದ್ದೇ. ವಿಷ ಹಾಕಿದ ಸಿಡಿಸಿ7 ಕೋಶಗಳೂ, ಸ್ವಲ್ಪ ನಿಧಾನವಾಗಿಯಾದರೂ, 2ಸಿಗೆ ಹೋಗಿದ್ದವು. ಮೂರನೆಯ ಫ್ಲಾಸ್ಕಿನವು 1ಸಿ ಬಿಟ್ಟು ಕದಲಿರಲಿಲ್ಲ. ಐವತ್ತು ವರ್ಷ ಹಿಂದೆ ಬೇರೆಯವರು ಕಂಡದ್ದನ್ನು ನಾನು ಕಂಡೆ, ಅಷ್ಟೇ. ಆದರೂ ಆ ರಾತ್ರಿ ಹಾಸ್ಟೆಲಿಗೆ ನಡೆದು ಹೋಗುವಾಗ ಮೈಯೆಲ್ಲ ಹಗುರವಾದಂತಿತ್ತು.

ಎರಡು ತಡೆಗಳ ನಡುವೆ ಕೋಶ ತಯಾರಿಸಿಕೊಳ್ಳುವುದು ಏನು ಎಂಬುದನ್ನು ಈಗ ಹೆಸರು ಹಿಡಿದು ಹೇಳಬಹುದು. ಆಲ್ಫಾ ತಡೆಯಲ್ಲಿ ನಿಂತ ಕೋಶದಲ್ಲಿಯೇ ಪ್ರತಿ ಆರಂಭತಾಣದ ಮೇಲೆ ಓಆರ್‌ಸಿ ಎಂಬ ಆರು ಪ್ರೋಟೀನುಗಳ ಕೂಟ ಕುಳಿತಿರುತ್ತದೆ. ಅದನ್ನು 1992ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಸ್ಟೀಫನ್ ಬೆಲ್ ಮತ್ತು ಬ್ರೂಸ್ ಸ್ಟಿಲ್‌ಮನ್ ಗುರುತಿಸಿದರು. ಓಆರ್‌ಸಿ, ಸಿಡಿಸಿ6 ಮತ್ತು ಸಿಡಿಟಿ1 ಸೇರಿ ಎಂಸಿಎಂ ಪ್ರೋಟೀನುಗಳ ಎರಡು ಉಂಗುರಗಳನ್ನು, ಮುಖಕ್ಕೆ ಮುಖ ಕೊಟ್ಟಂತೆ, ಡಿಎನ್‌ಎಗೆ ತೊಡಿಸುತ್ತವೆ. ನಾನು ಪ್ಲೇಟಿನಲ್ಲಿ ಚುಕ್ಕೆ ಎಣಿಸಿದ ಎಂಸಿಎಂ ಇದೇ. ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ಯಂತ್ರ ಇದೇ ಆದರೂ ತೊಡಿಸಿದ ಸ್ಥಿತಿಯಲ್ಲಿ ಅದಕ್ಕೆ ಚಾಲನೆಯಿಲ್ಲ. ಎರಡೂ ಎಳೆಗಳನ್ನು ಸುತ್ತಿಕೊಂಡು ಸುಮ್ಮನೆ ಕುಳಿತಿರುತ್ತದೆ. ಚಾಲನೆ ಕೊಡುವುದಕ್ಕೆ, ಪ್ರೋಟೀನುಗಳಿಗೆ ಫಾಸ್ಫೇಟ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಸೇರಿಸುವ ಎರಡು ಕಿಣ್ವಗಳು ಬೇಕು. ಒಂದು, ಸಿಡಿಸಿ28 ಮತ್ತು ಅದರ ಜೊತೆಗಾರ ಸೈಕ್ಲಿನ್ ಸೇರಿದ ಸಿಡಿಕೆ. ಇನ್ನೊಂದು, ಸಿಡಿಸಿ7 ಮತ್ತು ಡಿಬಿಎಫ್4 ಸೇರಿದ ಡಿಡಿಕೆ. ಜಿ1 ಹಂತದಲ್ಲಿ ಈ ಕೆಲಸಕ್ಕೆ ಬೇಕಾದ ಸೈಕ್ಲಿನ್ನುಗಳು ಇನ್ನೂ ತಯಾರಾಗಿರುವುದಿಲ್ಲ, ಅದರ ಮೇಲೆ ಸಿಕ್1 ಎಂಬ ಪ್ರೋಟೀನು ಸಿಡಿಕೆಯನ್ನು ಹಿಡಿದಿಟ್ಟಿರುತ್ತದೆ. ಸಿಕ್1ಗೆ ಹಲವು ಜಾಗಗಳಲ್ಲಿ ಫಾಸ್ಫೇಟ್ ಸೇರಿ, ಸಿಡಿಸಿ4 ಅದನ್ನು ಗುರುತಿಸಿ ನಾಶಕ್ಕೆ ಒಪ್ಪಿಸಿದಾಗ ಸಿಡಿಕೆ ಬಿಡುಗಡೆಯಾಗುತ್ತದೆ. ಸಿಡಿಸಿ4 ಕೆಟ್ಟ ಕೋಶ ಬೆರಳು ಬೆರಳಾಗಿ ಹಲವು ಮೊಗ್ಗುಗಳನ್ನು ಬಿಡುತ್ತಾ ಡಿಎನ್‌ಎ ನಕಲು ಮಾಡದೆ ಉಳಿಯುವುದು ಇದೇ ಕಾರಣಕ್ಕೆ. ನನ್ನ ಸಿಡಿಸಿ7 ಕೋಶಗಳು ಈ ಘಟ್ಟಗಳನ್ನೆಲ್ಲ ದಾಟಿ, ಎಂಸಿಎಂಗೆ ಡಿಡಿಕೆ ಸೇರಿಸಬೇಕಾದ ಫಾಸ್ಫೇಟ್ ಒಂದಕ್ಕೇ ಕಾದಿದ್ದವು. ತಂಪಾದ ಕೂಡಲೇ ಇದ್ದ ಕಿಣ್ವವೇ ಚೇತರಿಸಿಕೊಂಡಿತು.

ಡಿಡಿಕೆ ಮಾಡುವ ಕೆಲಸ ಎಂಸಿಎಂ ಮೇಲೆಯೇ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಒಂದಿದೆ: ಎಂಸಿಎಂ5 ಪ್ರೋಟೀನಿನ 83ನೆಯ ಸ್ಥಾನದ ಪ್ರೋಲಿನ್ ಹೋಗಿ ಲ್ಯೂಸಿನ್ ಬಂದರೆ ಸಾಕು, ಸಿಡಿಸಿ7 ಇಲ್ಲದೆಯೇ ಯೀಸ್ಟ್ ಬದುಕುತ್ತದೆ. ಸಿಡಿಕೆಯ ಗುರಿ ಸಿಕ್ಕಿದ್ದು 2007ರಲ್ಲಿ, ಜಪಾನಿನ ಹಿರೊಯುಕಿ ಅರಾಕಿಯವರ ತಂಡಕ್ಕೂ ಬ್ರಿಟನ್ನಿನ ಫಿಲಿಪ್ ಜೆಗರ್‌ಮನ್ ಮತ್ತು ಜಾನ್ ಡಿಫ್ಲಿ ಅವರಿಗೂ ಒಂದೇ ಸಮಯಕ್ಕೆ. ಎಸ್‌ಎಲ್‌ಡಿ2 ಮತ್ತು ಎಸ್‌ಎಲ್‌ಡಿ3 ಎಂಬ ಎರಡು ಪ್ರೋಟೀನುಗಳಿಗೆ ಸಿಡಿಕೆ ಫಾಸ್ಫೇಟ್ ಸೇರಿಸಿದಾಗ ಅವು ಡಿಪಿಬಿ11 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಹೀಗೆ ಸಿಡಿಸಿ45 ಮತ್ತು ಜಿನ್ಸ್ ಎಂಬ ಭಾಗಗಳು ಎಂಸಿಎಂ ಉಂಗುರಕ್ಕೆ ಬಂದು ಸೇರಿ ಯಂತ್ರ ಪೂರ್ಣವಾಗುತ್ತದೆ. ಜಿನ್ಸ್ ಎಂಬುದು ಜಪಾನಿ ಭಾಷೆಯ ಐದು, ಒಂದು, ಎರಡು, ಮೂರು ಎಂಬ ಎಣಿಕೆಯ ಮೊದಲ ಅಕ್ಷರಗಳು, ಅದರ ನಾಲ್ಕು ಪ್ರೋಟೀನುಗಳ ಸಂಖ್ಯೆಗಳು ಅವೇ. ಎಸ್‌ಎಲ್‌ಡಿ3ರಂತಹ ಈ ಸಹಾಯಕರು ಕೋಶದಲ್ಲಿ ತಾಣಗಳಿಗಿಂತ ಕಡಿಮೆ ಸಂಖ್ಯೆಯಲ್ಲಿರುವುದರಿಂದಲೇ ಕೆಲವು ತಾಣಗಳಿಗೆ ಬೇಗ, ಕೆಲವಕ್ಕೆ ತಡವಾಗಿ ಸರದಿ ಬರುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಮೇಡಂ ಕೇಳಿದ ಪ್ರಶ್ನೆ ಬಿಡಿಸಿಕೊಂಡಿರಲಿಲ್ಲ. ಅದು ಬಿಡಿಸಿಕೊಂಡದ್ದು ರಜೆಯಲ್ಲಿ, ನಮ್ಮ ಅಜ್ಜಿಯ ಊರಿನ ಜಾತ್ರೆಯಲ್ಲಿ. ಅಲ್ಲಿ ಅನ್ನಸಂತರ್ಪಣೆಗೆ ಬೆಳಿಗ್ಗೆ ಒಂದು ಕಿಟಕಿಯಲ್ಲಿ ಕೂಪನ್ ಕೊಡುತ್ತಾರೆ. ಹನ್ನೆರಡು ಗಂಟೆಗೆ ಆ ಕಿಟಕಿ ಮುಚ್ಚುತ್ತದೆ. ಅದು ಮುಚ್ಚಿದ ಮೇಲೆಯೇ ಊಟದ ಮನೆಯ ಬಾಗಿಲು ತೆರೆಯುವುದು, ಬಾಗಿಲಲ್ಲಿ ಕೂಪನ್ ಇಸಿದುಕೊಂಡು ಒಳಗೆ ಬಿಡುತ್ತಾರೆ. ಉಂಡವರ ಕೈಗೆ ಯಾರೂ ಶಾಯಿ ಹಚ್ಚುವುದಿಲ್ಲ, ಯಾರು ಉಂಡರು ಎಂದು ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಆದರೂ ಯಾರಿಗೂ ಎರಡನೆಯ ಪಂಕ್ತಿ ಸಿಗುವುದಿಲ್ಲ, ಏಕೆಂದರೆ ಕೂಪನ್ ಕೊಡುವ ಹೊತ್ತಿನಲ್ಲಿ ಊಟವಿಲ್ಲ, ಊಟದ ಹೊತ್ತಿನಲ್ಲಿ ಕೂಪನ್ ಇಲ್ಲ. ಸಾಲಿನಲ್ಲಿ ನಿಂತಿದ್ದ ನನಗೆ ಇದ್ದಕ್ಕಿದ್ದಂತೆ ನನ್ನ ಮೂರು ಫ್ಲಾಸ್ಕುಗಳು ನೆನಪಾದವು. ಎಂಸಿಎಂ ಉಂಗುರ ಆ ಕೂಪನ್. ಸಿಡಿಕೆ ಕಡಿಮೆಯಿರುವಾಗ ಮಾತ್ರ ಅದನ್ನು ತೊಡಿಸಬಹುದು, ಸಿಡಿಕೆ ಹೆಚ್ಚಿದಾಗ ಮಾತ್ರ ಅದಕ್ಕೆ ಚಾಲನೆ ಸಿಗುತ್ತದೆ. ಚಾಲನೆ ಸಿಕ್ಕಿದ ಉಂಗುರಗಳು ಒಂದೊಂದು ಎಳೆಯನ್ನು ಹಿಡಿದು ತಾಣವನ್ನು ಬಿಟ್ಟು ದೂರ ಸಾಗುತ್ತವೆ. ತಾಣ ಬರಿದಾಗುತ್ತದೆ, ಮತ್ತೆ ತೊಡಿಸುವ ಕಾಲ ಕೋಶ ಎರಡಾಗಿ ಸಿಡಿಕೆ ಇಳಿಯುವವರೆಗೂ ಬರುವುದಿಲ್ಲ. ತಡವಾಗಿ ತೆರೆಯುವ ತಾಣಕ್ಕೂ ಬೆಳಿಗ್ಗೆಯೇ ಕೂಪನ್ ಸಿಕ್ಕಿರುತ್ತದೆ, ಆದ್ದರಿಂದ ಅದಕ್ಕೆ ಅನ್ಯಾಯವಾಗುವುದಿಲ್ಲ. ತನ್ನ 400 ತಾಣಗಳಲ್ಲಿ ಯಾವುದು ಮುಗಿಯಿತು ಎಂದು ಕೋಶ ಲೆಕ್ಕವಿಡುವುದೇ ಇಲ್ಲ.

ಊರಿನಿಂದ ಬಂದ ಮರುದಿನ ಮೇಡಂ ಅವರ ಕೋಣೆಗೆ ಹೋಗಿ ಇದನ್ನು ಹೇಳಿದೆ. ಅವರು ನಕ್ಕು, "ಸರಿ. ಕಿಟಕಿ ಮುಚ್ಚುವವರು ಯಾರು?" ಎಂದರು. ಅದಕ್ಕೂ ಉತ್ತರ ಸಿದ್ಧವಿತ್ತು: ಅದೇ ಸಿಡಿಕೆ. ಅದು ಓಆರ್‌ಸಿಗೆ ಫಾಸ್ಫೇಟ್ ಸೇರಿಸಿ ಅದರ ಕೈ ಕಟ್ಟುತ್ತದೆ, ಸಿಡಿಸಿ6 ನಾಶವಾಗುವಂತೆ ಮಾಡುತ್ತದೆ, ಇನ್ನೂ ತೊಡಿಸದೆ ಉಳಿದ ಎಂಸಿಎಂಗಳನ್ನು ಸಿಡಿಟಿ1ರ ಜೊತೆಗೆ ಕೋಶಕೇಂದ್ರದಿಂದ ಹೊರಗೆ ಕಳಿಸುತ್ತದೆ. ಬಾಗಿಲು ತೆರೆಯುವ ಕೈಯೇ ಕಿಟಕಿಯನ್ನೂ ಮುಚ್ಚುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಬರುವುದಿಲ್ಲ. "ಹಾಗಾದರೆ ಬೀಗಗಳನ್ನು ತೆಗೆದು ನೋಡಿಬಿಡು" ಎಂದರು ಅವರು. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಕಿಮ್ ಲಿ ಅವರ ತಂಡ 2001ರಲ್ಲಿ ಇದನ್ನೇ ಮಾಡಿತ್ತು: ಫಾಸ್ಫೇಟ್ ಹಿಡಿಯದ ಓಆರ್‌ಸಿ, ಕೋಶಕೇಂದ್ರ ಬಿಟ್ಟು ಹೋಗದ ಎಂಸಿಎಂ, ಗ್ಯಾಲಕ್ಟೋಸ್ ಸಕ್ಕರೆ ಕೊಟ್ಟಾಗ ತಯಾರಾಗುವ ಮತ್ತು ನಾಶವಾಗದ ಸಿಡಿಸಿ6. ಒಂದು ಬೀಗ ಉಳಿದಿದ್ದರೂ ಎದ್ದು ಕಾಣುವಷ್ಟು ಮರುನಕಲು ಆಗಲಿಲ್ಲ, ಮೂರನ್ನೂ ತೆಗೆದಾಗ ಆಯಿತು.

ಅಂತಹ ತಳಿ ಲ್ಯಾಬಿಗೆ ಬಂದ ಮೇಲೆ ಅದನ್ನೂ ಸಾಮಾನ್ಯ ತಳಿಯನ್ನೂ ರಾಫಿನೋಸ್ ಸಕ್ಕರೆಯಲ್ಲಿ ಬೆಳೆಸಿ, ನೊಕೊಡಜೋಲ್ ಹಾಕಿ ಕೋಶ ವಿಭಜನೆಯ ಘಟ್ಟದಲ್ಲಿ ನಿಲ್ಲಿಸಿದೆ. ಆ ಘಟ್ಟದಲ್ಲಿ ನಕಲು ಮುಗಿದಿರುತ್ತದೆ, ಸಿಡಿಕೆ ತುಂಬಿರುತ್ತದೆ, ಎರಡೂ ತಳಿಗಳು 2ಸಿಯಲ್ಲಿ ಕುಳಿತಿರುತ್ತವೆ. ಗ್ಯಾಲಕ್ಟೋಸ್ ಹಾಕಿ ಮೂರು ಗಂಟೆ ಮಾದರಿಗಳನ್ನು ತೆಗೆದೆ. ಸಾಮಾನ್ಯ ತಳಿಯ ಗುಡ್ಡ ಮೊದಲ ಮಾದರಿಯಿಂದ ಕೊನೆಯ ಮಾದರಿಯವರೆಗೆ ಇದ್ದಲ್ಲಿಯೇ ಇತ್ತು. ಇನ್ನೊಂದರದ್ದು ಮೊದಲ ಗಂಟೆಯ ನಂತರ ಬಲಬದಿಯಲ್ಲಿ ಇಳಿಜಾರಾಗಿ, ಚಪ್ಪಟೆಯಾಗಿ, 2ಸಿ ಗೆರೆಯನ್ನು ದಾಟಿ 3ಸಿಯ ಕಡೆಗೆ ಹಬ್ಬಿತು. ಗುಡ್ಡ ಆಕಾರ ಕೆಡದೆ ಸರಿದರೆ ಅದು ಗಾತ್ರ, ಹರಡಿದರೆ ನಕಲು ಎಂದು ನಾನು ಎರಡು ವಾರ ಕಳೆದು ಕಲಿತಿದ್ದೆನಲ್ಲ, ಇದು ಹರಡಿತ್ತು. ಅದೇ ಕೋಶಗಳನ್ನು ತೆಳುಮಾಡಿ ಎರಡು ಪ್ಲೇಟುಗಳ ಮೇಲೂ ಹಚ್ಚಿಟ್ಟಿದ್ದೆ. ಮೂರು ದಿನದ ನಂತರ ಗ್ಲೂಕೋಸ್ ಇರುವ ಪ್ಲೇಟು ತೆಗೆದರೆ, ಗ್ಯಾಲಕ್ಟೋಸ್ ತಾಗುವ ಮೊದಲು ತೆಗೆದಿಟ್ಟ ಕೋಶಗಳು ಸಾಲಾಗಿ ಬೆಳೆದಿದ್ದವು. ಗ್ಯಾಲಕ್ಟೋಸ್ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಅಗರ್ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.